ರಾತ್ರಿ ಏಳರ ನಂತರದ ಬೈಕುಗಳು

ಇಂಗ್ಲೆಂಡಿನ ಸಾಧಾರಣ ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಹೊತ್ತು ರಕ್ತ, ಪರೀಕ್ಷೆಯ ಮಾದರಿ, ಔಷಧಿ ಸಾಗಿಸುವುದು ಯಾರಿಗೂ ತಲೆನೋವಲ್ಲ. ಅದಕ್ಕೆಂದೇ ವ್ಯಾನುಗಳಿವೆ, ಸಂಬಳದ ಚಾಲಕರಿದ್ದಾರೆ, ಗಂಟೆ ನೋಡಿ ಹೊರಡುವ ಟ್ರಿಪ್ಪುಗಳಿವೆ. ಸಂಜೆಯಾಗುತ್ತಲೇ ಈ ಏರ್ಪಾಡು ಬಹುಮಟ್ಟಿಗೆ ಬಾಗಿಲು ಹಾಕುತ್ತದೆ. ರಾತ್ರಿ ಹನ್ನೊಂದಕ್ಕೆ ಹೆರಿಗೆ ಕೋಣೆಯಲ್ಲಿ ಬಾಣಂತಿಗೆ ರಕ್ತಸ್ರಾವ ಶುರುವಾದರೆ ಅವಳಿಗೆ ಬೇಕಾದ ಪ್ಲೇಟ್‌ಲೆಟ್ ಬೇರೊಂದು ಊರಿನಿಂದ ಬರಬೇಕು. ಮಿದುಳುಪೊರೆಯ ಸೋಂಕಿನ ಶಂಕೆ ಇರುವ ಮಗುವಿನ ಬೆನ್ನಿನಿಂದ ತೆಗೆದ ದ್ರವವನ್ನು ರಾತ್ರಿಯೂ ತೆರೆದಿರುವ ದೊಡ್ಡ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಇಂಥ ಹೊತ್ತಿನಲ್ಲಿ ಆಸ್ಪತ್ರೆಗಳು ಟ್ಯಾಕ್ಸಿ ಕರೆಯುತ್ತಿದ್ದವು, ಇಲ್ಲವೇ ಖಾಸಗಿ ಕೊರಿಯರ್ ಹಿಡಿಯುತ್ತಿದ್ದವು. ಎರಡಕ್ಕೂ ರಾತ್ರಿಯ ದರ. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್ ರೋಗಿಗಳಿಂದ ಚಿಕಿತ್ಸೆಗೆ ಹಣ ಪಡೆಯುವುದಿಲ್ಲವಾದ್ದರಿಂದ, ಆ ಬಾಡಿಗೆಯೆಲ್ಲ ವಾರ್ಡಿಗೆ ಸಲ್ಲಬೇಕಾದ ಹಣದಿಂದಲೇ ಹೋಗುತ್ತಿತ್ತು.

ಆ ಜಾಗಕ್ಕೆ ಬಂದು ನಿಂತವರು ಬೈಕ್ ಸವಾರರು. ಹಗಲಲ್ಲಿ ಕೊಳಾಯಿ ರಿಪೇರಿ, ಮೇಷ್ಟ್ರ ಕೆಲಸ, ಬ್ಯಾಂಕು, ಅಂಗಡಿ ಎಂದು ತಮ್ಮ ಪಾಡಿಗೆ ದುಡಿಯುವವರು, ನಿವೃತ್ತರು. ರಾತ್ರಿ ಏಳರ ಸುಮಾರಿಗೆ ಫೋನನ್ನು ಪಕ್ಕದಲ್ಲಿಟ್ಟುಕೊಂಡು, ಜಾಕೆಟ್ಟು ಬೂಟು ಬಾಗಿಲ ಬಳಿ ಇಟ್ಟು, ಬೆಳಗಿನವರೆಗೆ ಕರೆಗೆ ಸಿದ್ಧರಿರುತ್ತಾರೆ. ಒಂದು ಪೈಸೆ ಸಂಬಳವಿಲ್ಲ, ಆಸ್ಪತ್ರೆಗೂ ಒಂದು ಪೈಸೆ ಬಿಲ್ಲಿಲ್ಲ. ಅವರ ವಾಹನಕ್ಕೆ ಅಲ್ಲಿನ ಜನ ಬ್ಲಡ್ ಬೈಕ್ ಎನ್ನುತ್ತಾರೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಇಂಥ ಹತ್ತಾರು ಗುಂಪುಗಳಿವೆ, ಒಂದೊಂದೂ ತನ್ನ ಜಿಲ್ಲೆಯದು. ಬ್ರಿಸ್ಟಲ್ ಕಡೆ ಫ್ರೀವೀಲರ್ಸ್, ಯಾರ್ಕ್‌ಷೈರಿನಲ್ಲಿ ವೈಟ್‌ನೈಟ್ಸ್, ಲಂಡನ್ನಿನ ದಕ್ಷಿಣಕ್ಕೆ ಸರ್ವ್, ವೇಲ್ಸ್‌ನಲ್ಲಿ ಬ್ಲಡ್ ಬೈಕ್ಸ್ ವೇಲ್ಸ್. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಓದಿ ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡುತ್ತಿರುವ ವೈದ್ಯರು ಅನೇಕರಿದ್ದಾರೆ. ಅವರಿಗೆ ಕಿತ್ತಳೆ-ಹಳದಿ ಚೌಕಳಿಯ ಈ ಬೈಕುಗಳು ಅಪರಿಚಿತವಲ್ಲ. ನಮ್ಮ ಊರುಗಳ ಬೈಕ್ ಕ್ಲಬ್ಬುಗಳಿಗೂ ಈ ಏರ್ಪಾಡಿನ ಒಳಗುಟ್ಟು ಗೊತ್ತಿರಬೇಕು ಎಂದು ನನಗೆ ಬಲವಾಗಿ ಅನಿಸುವುದರಿಂದ ಅದನ್ನು ಬಿಡಿಸಿ ಹೇಳುತ್ತಿದ್ದೇನೆ.

1962: ಎರಡು ಆರಂಭಗಳು

ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಏಸ್ ಕೆಫೆ ಎಂಬ ಹೋಟೆಲಿದೆ. ಲಾರಿ ಚಾಲಕರಿಗಾಗಿ 1938ರಲ್ಲಿ ಶುರುವಾಗಿ, ಯುದ್ಧದಲ್ಲಿ ಬಾಂಬಿಗೆ ತುತ್ತಾಗಿ, 1949ರಲ್ಲಿ ಮತ್ತೆ ಕಟ್ಟಿದ್ದು. ಐವತ್ತರ ದಶಕದ ಕೊನೆಗೆ ಅದು ಚರ್ಮದ ಜಾಕೆಟ್ಟು ತೊಟ್ಟ ಹುಡುಗರ ಅಡ್ಡೆಯಾಯಿತು. ಟ್ರಯಂಫ್, ನಾರ್ಟನ್, ಬಿಎಸ್‌ಎ ಬೈಕುಗಳ ಮೇಲೆ ರಾತ್ರಿಯಿಡೀ ಪಂದ್ಯ ಕಟ್ಟಿ ಓಡಿಸುವ ಇವರಿಗೆ ರಾಕರ್ಸ್ ಎಂದು ಹೆಸರು. ಊರಿಗೆ ಇವರೆಂದರೆ ಭಯ. ಪತ್ರಿಕೆಗಳಿಗೆ ಇವರೆಂದರೆ ಸುದ್ದಿ. 1964ರ ಈಸ್ಟರ್ ರಜೆಯಲ್ಲಿ ಕ್ಲ್ಯಾಕ್ಟನ್‌ನಲ್ಲೂ ಅದಾದ ಕೆಲವೇ ವಾರಗಳಲ್ಲಿ ಮಾರ್ಗೇಟ್ ಮತ್ತು ಬ್ರೈಟನ್ನಿನ ಸಮುದ್ರ ತೀರದಲ್ಲೂ ಸ್ಕೂಟರ್ ಸವಾರರಾದ ಮಾಡ್ಸ್ ಹುಡುಗರೊಂದಿಗೆ ರಾಕರ್ಸ್ ಬಡಿದಾಡಿದಾಗ ದೇಶಕ್ಕೆ ದೇಶವೇ ಬೆಚ್ಚಿದಂತೆ ಬರೆದರು. ಆ ಬೆಚ್ಚುವಿಕೆಯಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂದು ಅಳೆದು ನೋಡಿದ ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೊಹೆನ್ 1972ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ತಂದರು.

ಅಂಥ ಹುಡುಗರ ಬಳಿಗೆ ಧೈರ್ಯ ಮಾಡಿ ಹೋದವರು ಒಬ್ಬ ಪಾದ್ರಿ, ಬಿಲ್ ಶೆರ್ಗೋಲ್ಡ್. ಅವರೂ ಬೈಕ್ ಸವಾರರೇ. ಪೂರ್ವ ಲಂಡನ್ನಿನ ಹ್ಯಾಕ್ನಿ ವಿಕ್‌ನಲ್ಲಿದ್ದ ಅವರ ಚರ್ಚಿನಲ್ಲಿ 1959ರಿಂದ ಒಂದು ಯುವಕ ಸಂಘ ನಡೆಯುತ್ತಿತ್ತು, ಆ ವರ್ಷದ ಹೆಸರಿನಲ್ಲೇ ಅದು 59 ಕ್ಲಬ್. ಶೆರ್ಗೋಲ್ಡ್ 1962ರಲ್ಲಿ ಏಸ್ ಕೆಫೆಗೆ ಹೋಗಿ, ಬೈಕಿನವರಿಗಾಗಿಯೇ ಒಂದು ಪ್ರಾರ್ಥನೆ ಇಟ್ಟುಕೊಂಡಿದ್ದೇವೆ, ಬನ್ನಿ ಎಂದು ಕರೆದರು. ಹುಡುಗರು ಬಂದರು. ನಾವು ಆಯುಧಪೂಜೆಯ ದಿನ ಬೈಕಿಗೆ ಕುಂಕುಮವಿಟ್ಟು ಹೂವು ಮುಡಿಸುವಂತೆ, ಅಲ್ಲಿ ಬೈಕುಗಳನ್ನು ಚರ್ಚಿನೊಳಕ್ಕೇ ತಂದು ನಿಲ್ಲಿಸಿ ಹರಸಿದರು. ಅದರ ಬೆನ್ನಿಗೆ 59 ಕ್ಲಬ್ಬಿನ ಬೈಕ್ ವಿಭಾಗ ಹುಟ್ಟಿತು. ಮುಂದೆ ಅದು ಜಗತ್ತಿನ ಅತಿ ದೊಡ್ಡ ಬೈಕ್ ಕ್ಲಬ್ಬುಗಳಲ್ಲಿ ಒಂದಾಗಿ ಬೆಳೆಯಿತು. ಊರು ದೂರವಿಟ್ಟ ಹುಡುಗರಿಗೆ ಚಹಾ ಕುಡಿದು, ಬೈಕ್ ಬಿಚ್ಚಿ ಜೋಡಿಸಲು ಒಂದು ಸೂರು ಸಿಕ್ಕಿತು.

ಅದೇ 1962ರಲ್ಲಿ, ಲಂಡನ್ನಿನ ಪಕ್ಕದ ಸರ್ರೆ ಕೌಂಟಿಯಲ್ಲಿ ಮಾರ್ಗರೆಟ್ ರೈಯರ್ಸನ್ ಎಂಬಾಕೆ ಎಮರ್ಜೆನ್ಸಿ ವಾಲಂಟೀರ್ ಸರ್ವಿಸ್ ಎಂಬ ಪುಟ್ಟ ಗುಂಪು ಕಟ್ಟಿದರು. ತುರ್ತು ಹೊತ್ತಿನಲ್ಲಿ ಆಸ್ಪತ್ರೆಗಳ ನಡುವೆ ರಕ್ತ ಮುಟ್ಟಿಸುವ ಸ್ವಯಂಸೇವಕ ಬೈಕ್ ಸವಾರರ ಮೊದಲ ಸಂಘಟಿತ ತಂಡ ಎಂದು ಬ್ಲಡ್ ಬೈಕಿನವರು ಇಂದಿಗೂ ನೆನೆಯುವುದು ಇದನ್ನೇ. 59 ಕ್ಲಬ್ ಸವಾರರಿಗೆ ಊರಿನೊಳಗೆ ಜಾಗ ಕೊಟ್ಟಿತು. ರೈಯರ್ಸನ್ ತಂಡ ಸವಾರರಿಂದ ಊರಿಗೆ ಏನು ಸಿಗಬಹುದೆಂದು ತೋರಿಸಿತು. ಬೈಕಿನವರನ್ನು ಕಂಡರೆ ಅಂಗಡಿಯವರು ಬಾಗಿಲು ಎಳೆದುಕೊಳ್ಳುತ್ತಿದ್ದ ಕಾಲದಲ್ಲಿ ಆಸ್ಪತ್ರೆಯೊಂದು ಅವರ ಕೈಗೆ ರಕ್ತದ ಚೀಲ ಕೊಟ್ಟಿತು ಎಂಬುದನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಮುಂದಿನದನ್ನು ಬೇಗ ಹೇಳಬಹುದು. 1981ರಲ್ಲಿ ಸರ್ವ್, 1990ರಲ್ಲಿ ಫ್ರೀವೀಲರ್ಸ್ ಹೀಗೆ ಒಂದೊಂದಾಗಿ ಗುಂಪುಗಳು ಎದ್ದವು. 2008ರಲ್ಲಿ ಇಂಥ ಗುಂಪುಗಳಿಗೆ ಒಂದು ರಾಷ್ಟ್ರೀಯ ಒಕ್ಕೂಟವಾಯಿತು. ಒಕ್ಕೂಟ ಯಾರ ಮೇಲೂ ಅಧಿಕಾರ ನಡೆಸುವುದಿಲ್ಲ, ತರಬೇತಿ ಹೀಗಿರಲಿ, ದಾಖಲೆ ಹೀಗಿರಲಿ ಎಂದು ಒಂದು ಮಟ್ಟವನ್ನು ಗೊತ್ತುಮಾಡುತ್ತದೆ.

ಒಂದು ಕರೆ ಬಂದಾಗ

ಹೊರಗಿನವರಿಗೆ ಕಾಣುವುದು ಬೈಕು. ಏರ್ಪಾಡಿನ ಜೀವ ಇರುವುದು ಫೋನಿನಲ್ಲಿ. ಪ್ರತಿ ರಾತ್ರಿ ಒಬ್ಬ ಕಂಟ್ರೋಲರ್ ಇರುತ್ತಾರೆ, ಗಂಡಸೋ ಹೆಂಗಸೋ, ತಮ್ಮ ಮನೆಯ ಅಡುಗೆಮನೆಯ ಮೇಜಿನ ಮುಂದೆಯೇ ಕುಳಿತು ಕೆಲಸ ಮಾಡುವವರು. ಆಸ್ಪತ್ರೆಗಳ ಬಳಿ ಇರುವುದು ಒಂದೇ ನಂಬರು. ಆ ನಂಬರಿಗೆ ಮಾಡಿದ ಕರೆ ಆ ರಾತ್ರಿಯ ಕಂಟ್ರೋಲರ್ ಮನೆಗೆ ತಿರುಗುತ್ತದೆ. ಕರೆ ಮಾಡುವವರು ಸಾಮಾನ್ಯವಾಗಿ ಪ್ರಯೋಗಾಲಯದ ಸಿಬ್ಬಂದಿ ಅಥವಾ ವಾರ್ಡಿನ ನರ್ಸ್. ಕಂಟ್ರೋಲರ್ ಕೇಳುವ ಪ್ರಶ್ನೆಗಳು ಗೊತ್ತಾದವೇ: ಏನನ್ನು ಒಯ್ಯಬೇಕು, ಎಲ್ಲಿಂದ ಎಲ್ಲಿಗೆ, ಯಾವ ಬಾಗಿಲು, ಯಾರ ಕೈಗೆ, ಎಷ್ಟು ಹೊತ್ತಿನೊಳಗೆ, ಪೊಟ್ಟಣ ಈಗಾಗಲೇ ಸಿದ್ಧವಿದೆಯೇ. ರೋಗಿಯ ಹೆಸರನ್ನಾಗಲಿ ಕಾಯಿಲೆಯನ್ನಾಗಲಿ ಕೇಳುವಂತಿಲ್ಲ, ಹೇಳುವಂತೆಯೂ ಇಲ್ಲ. ಸವಾರರಿಗೆ ತಾವು ಒಯ್ದದ್ದು ಯಾರಿಗೆ, ಆ ಜೀವ ಉಳಿಯಿತೇ ಎಂಬುದು ಹೆಚ್ಚಿನ ಸಲ ಗೊತ್ತೇ ಆಗುವುದಿಲ್ಲ.

ಆಮೇಲೆ ಕಂಟ್ರೋಲರ್ ಪಾಳಿಪಟ್ಟಿ ನೋಡಿ ಆ ದಿಕ್ಕಿಗೆ ಹತ್ತಿರವಿರುವ ಸವಾರರನ್ನು ಎಬ್ಬಿಸುತ್ತಾರೆ. ಸವಾರ ಹೊರಟಾಗ ಒಂದು ಸಂದೇಶ, ಪೊಟ್ಟಣ ಕೈಗೆ ಬಂದಾಗ ಒಂದು, ತಲುಪಿಸಿದಾಗ ಒಂದು, ಮನೆ ಸೇರಿದಾಗ ಇನ್ನೊಂದು. ಈ ಕೊನೆಯ ಸಂದೇಶ ಬರುವವರೆಗೆ ಕಂಟ್ರೋಲರ್ ಮಲಗುವುದಿಲ್ಲ. ಮಂಜು ಬಿದ್ದ ರಸ್ತೆಯಲ್ಲಿ ಬೆಳಗಿನ ಮೂರಕ್ಕೆ ಒಬ್ಬಂಟಿ ಸವಾರ ಜಾರಿ ಬಿದ್ದರೆ ಅದನ್ನು ಮೊದಲು ಊಹಿಸಬೇಕಾದವರು ಅವರೇ. ಹಾಗಾಗಿ ಎಷ್ಟೋ ಗುಂಪುಗಳಲ್ಲಿ ಈ ಕೆಲಸವನ್ನು ಹಿಂದೆ ಬೈಕ್ ಓಡಿಸಿ, ಈಗ ವಯಸ್ಸಿನಿಂದಲೋ ಮಂಡಿ ನೋವಿನಿಂದಲೋ ಇಳಿದವರು ವಹಿಸಿಕೊಳ್ಳುತ್ತಾರೆ. ರಸ್ತೆಯ ಮೇಲಿರುವವನ ಕಷ್ಟ ಅವರಿಗೆ ಗೊತ್ತು.

ದಾರಿ ದೂರವಿದ್ದರೆ ಒಬ್ಬನೇ ಪೂರ್ತಿ ಓಡಿಸುವುದಿಲ್ಲ. ಒಂದು ಗುಂಪಿನ ಗಡಿಯ ತನಕ ಒಬ್ಬ, ಅಲ್ಲಿಂದಾಚೆ ಪಕ್ಕದ ಗುಂಪಿನವನು. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲೋ ವಿಶ್ರಾಂತಿ ತಾಣದಲ್ಲೋ ಇಬ್ಬರೂ ಸೇರಿ, ಪೆಟ್ಟಿಗೆಯ ಮುದ್ರೆ ನೋಡಿ, ಸಮಯ ಬರೆದು, ಸಹಿ ಹಾಕಿ ಕೈ ಬದಲಿಸುತ್ತಾರೆ. ಹೀಗೆ ಇಂಗ್ಲೆಂಡಿನ ದಕ್ಷಿಣದಿಂದ ಹೊರಟ ಪೊಟ್ಟಣ ನಾಲ್ಕೈದು ಕೈ ದಾಟಿ ಉತ್ತರದ ತುದಿ ಮುಟ್ಟಬಹುದು. ಪ್ರತಿಯೊಬ್ಬನೂ ತನಗೆ ಗೊತ್ತಿರುವ ರಸ್ತೆಯಲ್ಲಷ್ಟೇ ಓಡಿಸಿ, ಬೆಳಗಾಗುವುದರೊಳಗೆ ತನ್ನ ಹಾಸಿಗೆಗೆ ಮರಳುತ್ತಾನೆ.

ಸಹಿ, ಸಮಯ, ಮುದ್ರೆ ಎಂದಾಗ ಕಾಗದದ ಕಾಟ ಎನಿಸಬಹುದು. ಆದರೆ ರಕ್ತದ ವಿಷಯದಲ್ಲಿ ಅದೇ ಪ್ರಾಣ. ಬ್ರಿಟನ್ನಿನ 2005ರ ರಕ್ತ ಸುರಕ್ಷತಾ ನಿಯಮಗಳ ಪ್ರಕಾರ ದಾನಿಯ ರಕ್ತನಾಳದಿಂದ ರೋಗಿಯ ರಕ್ತನಾಳದವರೆಗೆ ಪ್ರತಿ ಚೀಲದ ಹಾದಿ ದಾಖಲಾಗಿರಬೇಕು, ಆ ದಾಖಲೆ 30 ವರ್ಷ ಉಳಿಯಬೇಕು. ನಡುವೆ ಒಬ್ಬ ಸ್ವಯಂಸೇವಕನ ಬೈಕು ಬಂದಿತೆಂದು ಸರಪಳಿ ಕಡಿಯುವಂತಿಲ್ಲ. ಆದ್ದರಿಂದಲೇ ಪ್ರತಿ ಗುಂಪೂ ಆಸ್ಪತ್ರೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡಿರುತ್ತದೆ. ಪೊಟ್ಟಣ ಕಟ್ಟುವವರು ಆಸ್ಪತ್ರೆಯವರೇ. ಸವಾರ ಅದನ್ನು ತೆರೆಯುವಂತಿಲ್ಲ.

ಪೆಟ್ಟಿಗೆಯೊಳಗಿನ ಹವಾಮಾನ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಇದು ಬೈಕ್ ಇಲ್ಲದವರಿಗೂ ಬೇಕಾದ ತಿಳಿವಳಿಕೆ.

ದಾನಿಯಿಂದ ಬಂದ ರಕ್ತವನ್ನು ಈಗ ಇಡಿಯಾಗಿ ಬಳಸುವುದು ಅಪರೂಪ. ಅದನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸುತ್ತಾರೆ. ಮೂರರ ಸ್ವಭಾವವೂ ಮೂರು ಬಗೆ. ಕೆಂಪು ಕಣಗಳಿಗೆ 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಅಷ್ಟು ತಂಪಿನಲ್ಲಿಟ್ಟರೆ ಬ್ರಿಟನ್ನಿನ ನಿಯಮದಂತೆ 35 ದಿನ, ನಮ್ಮಲ್ಲಿ ಬಳಸುವ ಪೋಷಕ ದ್ರಾವಣ ಸೇರಿಸಿದರೆ 42 ದಿನ ಬಾಳುತ್ತವೆ. ಬಿಸಿಯಾದರೆ ಬ್ಯಾಕ್ಟೀರಿಯಾ ಬೆಳೆಯುವ ಭಯ. ಮಂಜುಗಡ್ಡೆಯಂತೆ ಗಟ್ಟಿಯಾದರೆ ಕಣಗಳೇ ಒಡೆಯುತ್ತವೆ, ಅಂಥ ರಕ್ತ ರೋಗಿಗೆ ವಿಷ. ಪ್ಲೇಟ್‌ಲೆಟ್ ಇದಕ್ಕೆ ತದ್ವಿರುದ್ಧ. ಅದಕ್ಕೆ ಫ್ರಿಜ್ಜೂ ಬೇಡ, ಐಸೂ ಬೇಡ. 20ರಿಂದ 24 ಡಿಗ್ರಿಯಲ್ಲಿ, ಮೆಲ್ಲಗೆ ಅಲುಗಾಡುತ್ತಿರುವ ತಟ್ಟೆಯ ಮೇಲೆ ಇಡುತ್ತಾರೆ. ಅದರ ಆಯುಸ್ಸು ನಮ್ಮಲ್ಲಿ 5 ದಿನ, ಬ್ರಿಟನ್ನಿನಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿದ ಮೇಲೆ 7 ದಿನ. ಇಷ್ಟು ಅಲ್ಪಾಯುವಾದ್ದರಿಂದ ಸಣ್ಣ ಆಸ್ಪತ್ರೆಗಳು ಪ್ಲೇಟ್‌ಲೆಟ್ ದಾಸ್ತಾನು ಇಡುವುದಿಲ್ಲ, ಬೇಕಾದಾಗ ತರಿಸುತ್ತವೆ. ಬ್ಲಡ್ ಬೈಕಿನ ರಾತ್ರಿ ಕರೆಗಳಿಗೆ ಇದು ಒಂದು ದೊಡ್ಡ ಕಾರಣ. ಪ್ಲಾಸ್ಮಾವನ್ನು ಗಡ್ಡೆಕಟ್ಟಿಸಿ ಇಡುತ್ತಾರೆ, ಕೊಡುವ ಮುನ್ನ ಕರಗಿಸುತ್ತಾರೆ.

ಆದ್ದರಿಂದ ಬೈಕಿನ ಹಿಂದಿನ ಪೆಟ್ಟಿಗೆ ಎಂದರೆ ಬರೀ ಡಬ್ಬಿಯಲ್ಲ. ಯಾವ ಪೆಟ್ಟಿಗೆಯಲ್ಲಿ, ಯಾವ ತಂಪುಪಟ್ಟಿಗಳನ್ನು ಹೇಗೆ ಜೋಡಿಸಿದರೆ, ಹೊರಗೆ ಎಷ್ಟು ಬಿಸಿಲೋ ಚಳಿಯೋ ಇದ್ದಾಗ, ಎಷ್ಟು ಗಂಟೆ ಒಳಗಿನ ತಾಪ ಹದದಲ್ಲಿರುತ್ತದೆ ಎಂಬುದನ್ನು ಮೊದಲೇ ಪರೀಕ್ಷಿಸಿ ಬರೆದಿಟ್ಟಿರುತ್ತಾರೆ. ಸವಾರನ ಬಳಿ ಇರುವ ಸಮಯ ಅಷ್ಟೇ. ಫ್ರಿಜ್ಜಿನಿಂದ ಹೊರಬಂದು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬರಿಗಾಳಿಯಲ್ಲಿದ್ದ ಕೆಂಪು ಕಣದ ಚೀಲವನ್ನು ಸಾಮಾನ್ಯವಾಗಿ ಮತ್ತೆ ದಾಸ್ತಾನಿಗೆ ಸೇರಿಸುವುದಿಲ್ಲ. ರೋಗಿಗೆ ಏರಿಸುವುದಾದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು.

ಪೆಟ್ಟಿಗೆಯಲ್ಲಿ ರಕ್ತವೊಂದೇ ಇರುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗಾಗಿ ಬೇರೆ ತಾಯಂದಿರು ದಾನ ಮಾಡಿದ ಎದೆಹಾಲೂ ಹೀಗೇ ಪ್ರಯಾಣ ಮಾಡುತ್ತದೆ. ಇಂಥ ಕೂಸುಗಳ ಕರುಳು ಕೊಳೆಯುವ ಒಂದು ಭೀಕರ ರೋಗವಿದೆ. ಪುಡಿಹಾಲಿಗೆ ಹೋಲಿಸಿದರೆ ದಾನದ ತಾಯಿಹಾಲು ಕುಡಿದ ಕೂಸುಗಳಲ್ಲಿ ಅದು ಕಡಿಮೆ. ಬ್ರಿಟನ್ನಿನ ಮೊದಲ ಎದೆಹಾಲು ಬ್ಯಾಂಕು 1939ರಲ್ಲಿ ಲಂಡನ್ನಿನ ಕ್ವೀನ್ ಷಾರ್ಲಟ್ಸ್ ಆಸ್ಪತ್ರೆಯಲ್ಲಿ ಶುರುವಾಯಿತು. ಇಂದು ಹಾಲು ಕೊಡುವ ತಾಯಿ ತನ್ನ ಮನೆಯ ಫ್ರೀಜರಿನಲ್ಲಿ ಬಾಟಲಿಗಳನ್ನು ಇಟ್ಟಿರುತ್ತಾಳೆ, ಬೈಕ್ ಸವಾರ ಮನೆಬಾಗಿಲಿಗೇ ಹೋಗಿ ಗಡ್ಡೆಕಟ್ಟಿದ ಹಾಲನ್ನು ಬ್ಯಾಂಕಿಗೆ ಮುಟ್ಟಿಸುತ್ತಾನೆ. ಭಾರತದ ಮೊದಲ ಹಾಲು ಬ್ಯಾಂಕು 1989ರಲ್ಲಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರಿಂದ ಆರಂಭವಾಯಿತು. ಈಗ ಬೆಂಗಳೂರಿನಲ್ಲೂ ಇಂಥ ಬ್ಯಾಂಕುಗಳಿವೆ.

ಇನ್ನೊಂದು ಕೆಲಸ ಹೆಲಿಕಾಪ್ಟರ್‌ಗಳದು. ಏರ್ ಆಂಬುಲೆನ್ಸ್‌ಗಳು ಅಪಘಾತದ ಸ್ಥಳದಲ್ಲೇ ಕೊಡಲು ಓ ನೆಗೆಟಿವ್ ರಕ್ತ ಹೊತ್ತೊಯ್ಯುತ್ತವೆ. ಬ್ರಿಟನ್ನಿನಲ್ಲಿ ಲಂಡನ್ ಏರ್ ಆಂಬುಲೆನ್ಸ್ ಇದನ್ನು 2012ರಲ್ಲಿ ಮೊದಲು ಮಾಡಿತು. ಓ ನೆಗೆಟಿವ್ ದಾನಿಗಳು ವಿರಳ. ಬಳಸದ ಚೀಲವನ್ನು ಹೆಲಿಕಾಪ್ಟರಿನಲ್ಲೇ ಕೊಳೆಸುವುದು ಪಾಪ. ಹಲವು ಕಡೆ ಬೈಕ್ ಸವಾರರು ದಿನವೂ ಹೊಸ ಪೆಟ್ಟಿಗೆ ಕೊಟ್ಟು, ನಿನ್ನೆಯ ಪೆಟ್ಟಿಗೆಯನ್ನು ಆಸ್ಪತ್ರೆಗೆ ಹಿಂದಿರುಗಿಸುತ್ತಾರೆ. ತಾಪ ಹದದಲ್ಲೇ ಇದ್ದ ಆ ರಕ್ತ ಅಲ್ಲಿ ಇನ್ನೊಬ್ಬ ರೋಗಿಗೆ ಸಲ್ಲುತ್ತದೆ. ಇಂಥ ದಿನನಿತ್ಯದ, ಸದ್ದಿಲ್ಲದ ಓಡಾಟವೇ ನನಗೆ ಈ ಸೇವೆಯ ಅತ್ಯುತ್ತಮ ಭಾಗವಾಗಿ ಕಾಣುತ್ತದೆ.

ವೇಗದ ಲೆಕ್ಕ

ಹಾಗಾದರೆ ಇವರೆಲ್ಲ ಸೈರನ್ ಹಾಕಿಕೊಂಡು ಹಾರಿಸಿಕೊಂಡು ಹೋಗುತ್ತಾರೆಯೇ? ಇಲ್ಲ. ಬಹುತೇಕ ಬ್ಲಡ್ ಬೈಕುಗಳು ಎಲ್ಲರಂತೆ ವೇಗಮಿತಿಯೊಳಗೇ ಓಡುತ್ತವೆ, ಕೆಂಪು ದೀಪಕ್ಕೆ ನಿಲ್ಲುತ್ತವೆ. ಹೊಸಬರಿಗೆ ಇದನ್ನು ಮೊದಲ ದಿನವೇ ಮನದಟ್ಟು ಮಾಡಿಸುತ್ತಾರೆ. ಲೆಕ್ಕ ಹಾಕಿ ನೋಡಿ: ಬ್ರಿಟನ್ನಿನ ಹೆದ್ದಾರಿಯ ಮಿತಿ ಗಂಟೆಗೆ 70 ಮೈಲಿ. 60 ಮೈಲಿಯ ದಾರಿಯನ್ನು ಆ ವೇಗದಲ್ಲಿ ಕ್ರಮಿಸಲು ಸುಮಾರು 51 ನಿಮಿಷ. ಕಾನೂನು ಮುರಿದು 85ರಲ್ಲಿ ಓಡಿಸಿದರೆ 42 ನಿಮಿಷ. ಗಳಿಸಿದ್ದು 9 ನಿಮಿಷ. ಬಿದ್ದರೆ ಕಳೆದುಕೊಳ್ಳುವುದು ಚೀಲ, ಸವಾರ, ಮತ್ತು ಆಸ್ಪತ್ರೆಯ ವಿಶ್ವಾಸ. ಪೊಟ್ಟಣ ಇಂಥ ಹೊತ್ತಿಗೆ ಬಂದೇ ಬರುತ್ತದೆ ಎಂದು ವೈದ್ಯರಿಗೆ ಖಚಿತವಾಗಿ ಗೊತ್ತಿದ್ದರೆ ಅವರು ಅದಕ್ಕೆ ತಕ್ಕಂತೆ ಸಿದ್ಧರಾಗುತ್ತಾರೆ.

ಬೈಕಿನ ನಿಜವಾದ ಅನುಕೂಲ ಬೇರೆಡೆ ಇದೆ. ನಿಂತ ವಾಹನಗಳ ನಡುವೆ ನುಸುಳಬಹುದು, ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲಿಸಬಹುದು, ಇಂಧನದ ಖರ್ಚು ಕಡಿಮೆ. ಹಿಮ ಬಿದ್ದ ರಾತ್ರಿ, ಇಲ್ಲವೇ ಹೊರೆ ದೊಡ್ಡದಾದಾಗ ಇದೇ ಗುಂಪುಗಳು ಕಾರು ಕಳಿಸುತ್ತವೆ. ಬೈಕ್ ಮೇಲಿನ ಪ್ರೀತಿಗಾಗಿ ಹಟ ಹಿಡಿಯುವುದಿಲ್ಲ.

ಸವಾರನಾಗಲು ಲೈಸೆನ್ಸ್ ಸಾಲದು. ಮುಂದುವರಿದ ಸವಾರಿಯ ಪರೀಕ್ಷೆ ಪಾಸಾಗಿರಬೇಕು, ಐಎಎಂ ಅಥವಾ ರೋಸ್ಪಾ ಸಂಸ್ಥೆಯದು, ಇಲ್ಲವೇ ಪೊಲೀಸ್ ದರ್ಜೆಯದು. ಆ ಮೇಲೆ ಪೊಟ್ಟಣ ಹಿಡಿಯುವ ಬಗೆ, ಸೋಂಕು ತಡೆ, ಚೀಲ ಸೋರಿದರೆ ಏನು ಮಾಡಬೇಕು ಎಂಬ ಪಾಠ. ಪಾಳಿ ತಿಂಗಳಿಗೆ ಒಂದೆರಡು ರಾತ್ರಿ ಮಾತ್ರ. ಪಾಳಿಯಲ್ಲಿದ್ದಾಗ ಮದ್ಯ ನಿಷಿದ್ಧ. ಗುಂಪಿನ ಸ್ವಂತ ಬೈಕುಗಳು ಹೆಚ್ಚಾಗಿ ಬಿಎಂಡಬ್ಲ್ಯು ಆರ್‌ಟಿ, ಹೋಂಡಾ ಪ್ಯಾನ್ ಯುರೋಪಿಯನ್, ಯಮಹಾ ಎಫ್‌ಜೆಆರ್‌ನಂಥ ದೂರಪ್ರಯಾಣದವು. ಪೊಲೀಸರು ಬಳಸಿ ಬಿಟ್ಟ ಬೈಕುಗಳನ್ನು ಕಡಿಮೆ ಬೆಲೆಗೆ ಕೊಳ್ಳುವುದೂ ಉಂಟು.

ಹಣ ಬರುವ ದಾರಿ ಸರಳ, ಆದರೆ ಶ್ರಮದ್ದು. ಗುಂಪು ನೋಂದಾಯಿತ ದತ್ತಿ ಸಂಸ್ಥೆ. ಶನಿವಾರ ಸೂಪರ್‌ಮಾರ್ಕೆಟ್ ಮುಂದೆ ಬೈಕ್ ನಿಲ್ಲಿಸಿ, ಮಕ್ಕಳನ್ನು ಸೀಟಿನ ಮೇಲೆ ಕೂರಿಸಿ, ಪಕ್ಕದಲ್ಲಿ ಹುಂಡಿ ಹಿಡಿದು ನಿಲ್ಲುತ್ತಾರೆ. ರೋಟರಿ, ಲಯನ್ಸ್, ಫ್ರೀಮೇಸನ್‌ಗಳು ಬೈಕುಗಳನ್ನೇ ಕೊಡಿಸುವುದುಂಟು. ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟು ಒಂದು ಫಾರಂ ತುಂಬಿದರೆ ಸರ್ಕಾರ ತನ್ನ ಕಡೆಯಿಂದ 25 ಪೆನ್ಸ್ ಸೇರಿಸುತ್ತದೆ. ಬೈಕ್ ಓಡಿಸಲು ಬಾರದವರೂ ಹುಂಡಿ ಹಿಡಿಯಲು, ಲೆಕ್ಕ ಬರೆಯಲು, ಫೋನ್ ನೋಡಿಕೊಳ್ಳಲು ಸೇರುತ್ತಾರೆ. 2020ರ ಕೋವಿಡ್ ದಿನಗಳಲ್ಲಿ ಮನೆಬಿಟ್ಟು ಹೊರಬರಲಾಗದ ರೋಗಿಗಳ ಬಾಗಿಲಿಗೆ ಔಷಧಿ ಮುಟ್ಟಿಸಲು ಈ ಜನರೇ ಒದಗಿದರು. ರಾಣಿಯ ಕಾಲದಲ್ಲಿ ಸ್ವಯಂಸೇವಕ ಸಂಘಗಳಿಗೆ ಸಲ್ಲುತ್ತಿದ್ದ ಅತಿ ದೊಡ್ಡ ಗೌರವವಾದ ರಾಣಿಯ ಪ್ರಶಸ್ತಿ ಇಂಥ ಹಲವು ಗುಂಪುಗಳಿಗೆ ಬಂದಿತ್ತು.

ನಮ್ಮಲ್ಲಿ

ಭಾರತಕ್ಕೆ ಬೈಕ್ ಮೇಲಿನ ಆರೋಗ್ಯ ಸೇವೆ ಹೊಸದಲ್ಲ. ಪಶ್ಚಿಮ ಬಂಗಾಳದ ಜಲ್ಪೈಗುರಿಯ ಚಹಾ ತೋಟದ ಕೆಲಸಗಾರ ಕರೀಮುಲ್ ಹಕ್ ತಮ್ಮ ಬೈಕಿನ ಮೇಲೆ ರೋಗಿಗಳನ್ನು ಕೂರಿಸಿಕೊಂಡು ಆಸ್ಪತ್ರೆ ಸೇರಿಸುತ್ತ ಬಂದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕರ್ನಾಟಕ ಸರ್ಕಾರ 2015ರಲ್ಲಿ ಬೈಕ್ ಆಂಬುಲೆನ್ಸ್ ತಂದಿತು. ಮೊದಲನೆಯದು ಒಬ್ಬನೇ ವ್ಯಕ್ತಿಯ ಮಹಾ ಸಾಹಸ, ಎರಡನೆಯದು ಸರ್ಕಾರದ ಸೇವೆ. ಊರಿನ ಬೈಕ್ ಕ್ಲಬ್ಬೊಂದು ಪಾಳಿ ಹಾಕಿಕೊಂಡು ಮಾಡುವ ಕೆಲಸಕ್ಕೆ ಇವೆರಡರ ನಡುವೆ ಇನ್ನೂ ಜಾಗವಿದೆ.

ಆ ಜಾಗ ಎಲ್ಲಿದೆ ಎಂಬುದು ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದ ಪ್ರತಿ ಕುಟುಂಬಕ್ಕೂ ಗೊತ್ತು. ವೈದ್ಯರು ಬೇಡಿಕೆ ಚೀಟಿ ಬರೆದು, ರೋಗಿಯ ರಕ್ತದ ಸಣ್ಣ ಕೊಳವೆಯೊಂದನ್ನು ಕೈಗಿಡುತ್ತಾರೆ. ಅಣ್ಣನೋ ಮೈದುನನೋ ಅದನ್ನು ಹಿಡಿದು ರಕ್ತ ಕೇಂದ್ರಕ್ಕೆ ಓಡುತ್ತಾನೆ. ಅಲ್ಲಿ ಹೊಂದಾಣಿಕೆ ಪರೀಕ್ಷೆ ಮುಗಿಯುವವರೆಗೆ ಬೆಂಚಿನ ಮೇಲೆ ಕಾಯುತ್ತಾನೆ. ಆಮೇಲೆ ಥರ್ಮಾಕೋಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮರಳುತ್ತಾನೆ. ಊರು ಗೊತ್ತಿಲ್ಲ, ಕೈಯಲ್ಲಿ ಕಾಸಿಲ್ಲ, ಮನಸ್ಸೆಲ್ಲ ವಾರ್ಡಿನಲ್ಲಿ. ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ರಕ್ತ ಶೇಖರಣಾ ಘಟಕಗಳಿವೆ. ವರ್ಷಕ್ಕೆ 2000 ಯೂನಿಟ್ ಮೀರದ ಇಂಥ ಘಟಕಗಳಿಗೆ ಪೂರ್ಣ ಲೈಸೆನ್ಸಿನಿಂದ ವಿನಾಯಿತಿ ಇದೆ, ಅನುಮೋದನೆ ಸಾಕು. ಅವು ದೊಡ್ಡ ರಕ್ತ ಕೇಂದ್ರವೊಂದರಿಂದ ರಕ್ತ ತರಿಸಿ ಇಟ್ಟುಕೊಳ್ಳುತ್ತವೆ. ತರುವ ಕೈ ಬೇಕೇ ಬೇಕು.

ಈಗ ಆ ಓಟ ಓಡುತ್ತಿರುವ ಮನೆಯವರಿಗೆ ಒಂದೆರಡು ಮಾತು. ಕೆಂಪು ರಕ್ತದ ಚೀಲಕ್ಕೆ ಐಸ್ ನೇರವಾಗಿ ತಾಗಬಾರದು, ತಾಗಿದ ಕಡೆ ಕಣಗಳು ಒಡೆಯುತ್ತವೆ. ನಡುವೆ ರಟ್ಟೋ ಬಟ್ಟೆಯೋ ಇರಲಿ, ರಕ್ತ ಕೇಂದ್ರದವರನ್ನೇ ಕೇಳಿ ಜೋಡಿಸಿಕೊಳ್ಳಿ. ಪ್ಲೇಟ್‌ಲೆಟ್ ಆದರೆ ಐಸ್ ಬೇಡವೇ ಬೇಡ. ಡೆಂಗಿ ಕಾಲದಲ್ಲಿ ಗಾಬರಿಯಿಂದ ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ದಾರಿಯಲ್ಲಿ ಊಟಕ್ಕೆ ಇಳಿಯಬೇಡಿ. ತಣ್ಣಗಿದೆ ಎಂದು ಚೀಲವನ್ನು ಬಿಸಿನೀರಿನಲ್ಲಿ ಇಡಬೇಡಿ, ವಾರ್ಡಿನ ಸಾಧಾರಣ ಫ್ರಿಜ್ಜಿನಲ್ಲೋ ಫ್ರೀಜರಿನಲ್ಲೋ ಇಡಲು ಬಿಡಬೇಡಿ. ತಂದ ಕೂಡಲೇ ನರ್ಸ್ ಕೈಗೆ ಕೊಟ್ಟು, ಚೀಲದ ನಂಬರು, ಗುಂಪು, ರೋಗಿಯ ಹೆಸರು ತಾಳೆಯಾಗುವುದನ್ನು ನಿಂತು ನೋಡಿ.

ನಮ್ಮ ಊರುಗಳ ಬೈಕ್ ಕ್ಲಬ್ಬುಗಳು ಈಗಾಗಲೇ ರಕ್ತದಾನ ಶಿಬಿರ ಮಾಡುತ್ತವೆ. ಬುಲೆಟ್ಟಿನವರು, ಮೈಸೂರಿನ ಕಾರ್ಖಾನೆಯಿಂದ ಬಂದ ಹಳೆಯ ಜಾವಾ-ಯೆಜ್ಡಿ ಉಳಿಸಿಕೊಂಡವರು, ಭಾನುವಾರ ನಂದಿಬೆಟ್ಟಕ್ಕೆ ಹೋಗುವ ಹುಡುಗ ಹುಡುಗಿಯರು, ಎಲ್ಲರಲ್ಲೂ ಉತ್ಸಾಹವಿದೆ. ಸಾಗಣೆಯ ಕೆಲಸಕ್ಕೆ ಬೇಕಾಗುವುದು ಇನ್ನೊಂದು ಬಗೆಯ ತಾಳ್ಮೆ. ರಕ್ತ ಕೇಂದ್ರದ ವೈದ್ಯಾಧಿಕಾರಿಯ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಚೀಲವನ್ನೂ ಮುಟ್ಟಬಾರದು. ಪೆಟ್ಟಿಗೆ ಅವರು ಪರೀಕ್ಷಿಸಿ ಒಪ್ಪಿದ್ದೇ ಆಗಿರಬೇಕು. ಸಂಘ ನೋಂದಣಿಯಾಗಿರಬೇಕು, ಲೆಕ್ಕ ತೆರೆದಿಟ್ಟಿರಬೇಕು, ಪ್ರತಿ ಸವಾರನ ವಿಮಾ ಕಂಪನಿಗೂ ಈ ಕೆಲಸದ ಬಗ್ಗೆ ತಿಳಿಸಿರಬೇಕು. ರೋಗಿಯ ಕಡೆಯವರಿಂದ ಪೆಟ್ರೋಲಿಗೆಂದೂ ಹಣ ತೆಗೆದುಕೊಳ್ಳಬಾರದು. ರಕ್ತಕ್ಕೆ ಹಣ ಪಡೆಯುವ ದಂಧೆಯನ್ನು ಸುಪ್ರೀಂ ಕೋರ್ಟ್ ತೀರ್ಪಿನ ಮೇರೆಗೆ 1998ರ ಜನವರಿಯಿಂದ ನಿಷೇಧಿಸಿರುವ ದೇಶ ಇದು. ನಡುವಿನ ಕೈಗಳ ಮೇಲೆ ಜನರಿಗೆ ಸಂಶಯವಿರುವುದು ಸಹಜ, ಆ ಸಂಶಯಕ್ಕೆ ಎಡೆಯೇ ಇರಬಾರದು. ಪೆಟ್ಟಿಗೆಯ ಫೋಟೋ, ರೋಗಿಯ ಹೆಸರು ಎಲ್ಲಿಯೂ ಹಾಕಬಾರದು.

ಮೊದಲು ಹೋಗಿ ಕೂರಬೇಕಾದದ್ದು ಜಿಲ್ಲಾಸ್ಪತ್ರೆಯ ರಕ್ತ ಕೇಂದ್ರದಲ್ಲಿ. ರಾತ್ರಿ ಯಾವ ಆಸ್ಪತ್ರೆಗಳಿಂದ ಜನ ಓಡಿ ಬರುತ್ತಾರೆ, ಎಷ್ಟು ಹೊತ್ತಿಗೆ, ಏನಕ್ಕೆ ಎಂದು ಅಲ್ಲಿನ ಟೆಕ್ನಿಷಿಯನ್‌ಗಳನ್ನು ಕೇಳಿ ಬರೆದುಕೊಳ್ಳಬೇಕು. ಅದರಲ್ಲಿ ಅತಿ ಹೆಚ್ಚು ಓಡಾಟವಿರುವ ಒಂದೇ ಆಸ್ಪತ್ರೆಯನ್ನು ಆರಿಸಿ, ಶನಿವಾರ ಮತ್ತು ಭಾನುವಾರದ ರಾತ್ರಿಗೆ ಮಾತ್ರ ಇಬ್ಬರು ಸವಾರರು, ಒಬ್ಬ ಕಂಟ್ರೋಲರ್, ಒಂದು ಫೋನ್ ನಂಬರು ಇಟ್ಟುಕೊಂಡರೆ ಆರಂಭಕ್ಕೆ ಸಾಕು. ಪಾಳಿಪಟ್ಟಿಯಲ್ಲಿ ಮೂರು ತಿಂಗಳು ಒಂದು ಮನೆಯೂ ಖಾಲಿ ಬೀಳದಿದ್ದರೆ ವಾರದ ಉಳಿದ ರಾತ್ರಿಗಳಿಗೆ ಕೈ ಹಾಕಬಹುದು.